ಚಾರ್ಜ್ ನಿಲ್ಲದ ಗಾಡಿ

ನಾನು ಒಂದು ಬ್ಯಾಟರಿ ಗಾಡಿ. ಗಾಲ್ಫ್ ಆಡುವವರನ್ನು ಹೊತ್ತು ಹುಲ್ಲಿನ ಮೇಲೆ ತಿರುಗಲೆಂದು ನನ್ನನ್ನು ಮಾಡಿದರು. ನನಗೆ ಬಾಗಿಲುಗಳಿಲ್ಲ. ಮುಂದೆ ಇಬ್ಬರು, ಹಿಂದೆ ಇಬ್ಬರು ಕೂರಬಹುದು. ಮುಂದಿನ ಸೀಟನ್ನು ಎತ್ತಿದರೆ ಆರು ಬ್ಯಾಟರಿಗಳು ಒತ್ತೊತ್ತಾಗಿ ಕೂತಿರುವುದು ಕಾಣುತ್ತದೆ. ಪೆಟ್ರೋಲ್ ಗಾಡಿಗಳ ಎದೆಬಡಿತ ಬೀದಿಗೆಲ್ಲ ಕೇಳುತ್ತದೆ, ನನ್ನದು ಕೇಳುವುದಿಲ್ಲ. ಹಾಗಾಗಿ ನನ್ನೊಳಗೆ ಏನಾದರೂ ಕೆಟ್ಟರೆ ಅದು ತಿಳಿಯುವುದೂ ತಡವಾಗಿಯೇ.

ನನ್ನ ಮೊದಲ ಮನೆ ಬಳ್ಳಾರಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯ ವಸತಿ ಬಡಾವಣೆ. ಕೆಂಪು ಧೂಳಿನ ನಡುವೆ ಅಧಿಕಾರಿಗಳಿಗಾಗಿ ಹಸಿರು ಮೈದಾನ ಬೆಳೆಸಿದ್ದರು. ಅಲ್ಲೊಬ್ಬ ಹಳೆಯ ಮೆಕ್ಯಾನಿಕ್ ನನ್ನನ್ನು ನೋಡಿಕೊಳ್ಳುತ್ತಿದ್ದ. ಚಾರ್ಜ್ ಮುಗಿದ ಮೇಲೆಯೇ ಬ್ಯಾಟರಿಯ ಮುಚ್ಚಳಗಳನ್ನು ತೆಗೆದು, ಟಾರ್ಚ್ ಹಾಕಿ ನೋಡಿ, ಅಳತೆಯಾಗಿ ನೀರು ಹಾಕುತ್ತಿದ್ದ. ಮಾತು ಕಡಿಮೆ. ಐದು ವರ್ಷವಾದ ಮೇಲೆ ಮೈದಾನಕ್ಕೆ ಹೊಸ ಗಾಡಿಗಳು ಬಂದವು. ನನಗೆ ಹೊಸ ಬ್ಯಾಟರಿ ಹಾಕಿಸಿ, ಕೊಪ್ಪಳದ ಆಚೆಗಿನ ಒಂದು ಧರ್ಮಾಸ್ಪತ್ರೆಗೆ ದಾನ ಕೊಟ್ಟರು. ಗಾಡಿ ಕೊಟ್ಟರು, ಚಾರ್ಜರ್ ಕೊಟ್ಟರು. ಆ ಮೆಕ್ಯಾನಿಕ್‌ನ ರೂಢಿಯನ್ನೂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆ ಒಂದು ಬಂಡೆಗುಡ್ಡದ ಮೇಲಿತ್ತು. ಕೆಳಗೆ ಗೇಟು, ಮೇಲೆ ಹೆರಿಗೆ ವಾರ್ಡು. ನಡುವೆ ಒಂದು ಉದ್ದನೆಯ ಏರು. ಬಸ್ಸಿಳಿದ ಬಸುರಿಯರು ಅಲ್ಲಲ್ಲಿ ನಿಂತು, ಸೊಂಟ ಹಿಡಿದು, ಆ ಏರನ್ನು ಹತ್ತುತ್ತಿದ್ದರು. ಅವರಿಗಾಗಿ ನಾನು ಬಂದೆ. ಆದರೆ ನನ್ನನ್ನು ಓಡಿಸುವವರಿರಲಿಲ್ಲ. ಆಂಬುಲೆನ್ಸ್ ಓಡಿಸುವ ಯಮನೂರ ನನ್ನ ಸುತ್ತ ಒಂದು ಸುತ್ತು ಹಾಕಿ, “ಇದು ಗಾಡಿ ಅಲ್ರೀ, ಜೋಕಾಲಿಗೆ ಗಾಲಿ ಹಚ್ಯಾರ. ಆಯಾಗಳ ಕೈಯಾಗ ಕೊಡ್ರಿ” ಎಂದ. ಅವನು ತಮಾಷೆಗೆ ಅಂದದ್ದನ್ನು ಆಡಳಿತಾಧಿಕಾರಿ ವೀರಭದ್ರಪ್ಪನವರು ನಿಜವಾಗಿಯೇ ಮಾಡಿದರು.

ಹಾಗೆ ನಾನು ಆಯಾ ಹಂಪಮ್ಮನ ಕೈಗೆ ಬಂದೆ. ಹೆರಿಗೆ ವಾರ್ಡಿನಲ್ಲಿ ಹದಿನಾರು ವರ್ಷ ನೆಲ ಒರೆಸಿ, ಬೇಸಿನ್ ಎತ್ತಿ, ರಕ್ತದ ಬಟ್ಟೆ ನೆನೆಸಿದ ಕೈಗಳು ಅವು. ಮೊದಲ ದಿನ ಸ್ಟಿಯರಿಂಗನ್ನು ತುಂಬಿದ ಬೇಸಿನ್ನಿನಂತೆ ಬಿಗಿಯಾಗಿ ಹಿಡಿದಿದ್ದವು. ಎಂಟು ದಿನದಲ್ಲಿ ಆ ಬಿಗಿ ಸಡಿಲವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಗೇಟಿನ ಬಳಿಯ ಹೂವಾಡಗಿತ್ತಿ ಅವಳನ್ನು “ಡ್ರೈವರಮ್ಮ” ಎಂದು ಕರೆದಳು. ಅಂದು ಏರು ಹತ್ತುವಾಗ ಹಂಪಮ್ಮನ ಬೆನ್ನು ಸೀಟಿಗೆ ಒರಗಿರಲಿಲ್ಲ, ನೆಟ್ಟಗಿತ್ತು. ಅಷ್ಟು ವರ್ಷ ಅವಳನ್ನು ಎಲ್ಲರೂ “ಏ, ಇಲ್ಲಿ ಬಾ” ಎಂದೇ ಕರೆದಿದ್ದರು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ಯಾರೋ ಅವಳಿಗೆ ಹೇಳಿದ್ದರು. ಎಷ್ಟು, ಯಾವಾಗ ಎಂದು ಹೇಳಿರಲಿಲ್ಲ. ಅವಳು ಪ್ರತಿ ಶುಕ್ರವಾರ ಸಂಜೆ ನನ್ನ ಮೈ ಒರೆಸಿ, ಸೀಟೆತ್ತಿ, ಬ್ಯಾಟರಿಗೆ ಮೂರರಂತೆ ಹದಿನೆಂಟು ಮುಚ್ಚಳಗಳನ್ನೂ ತೆಗೆದು, ಪ್ರತಿಯೊಂದನ್ನೂ ಅಂಚಿನವರೆಗೆ ತುಂಬುತ್ತಿದ್ದಳು. ಆಮೇಲೆ ಚಾರ್ಜಿಗೆ ಹಾಕುತ್ತಿದ್ದಳು. ಒಮ್ಮೆ ನರ್ಸ್ ಒಬ್ಬಳು, “ಅಷ್ಟು ಯಾಕ ತುಂಬ್ತಿ?” ಎಂದು ಕೇಳಿದ್ದಳು.

“ಹೆರಿಗಿಗೆ ಹೊಂಟ ಹೆಣ್ಮಗಳಿಗೆ ತುಂಬಿದ ಕೊಡ ಎದುರಾಗಬೇಕವ್ವ. ಅರ್ಧ ಕೊಡದ ಮ್ಯಾಲ ಕೂಡಿಸಿಕೊಂಡು ಹೆಂಗ ಒಯ್ಯಲಿ?”

ಎರಡು ವರ್ಷ ನಾನು ತುಂಬಿದ ಕೊಡವಾಗಿ ಏರು ಹತ್ತಿದೆ.

ಆಮೇಲೆ ಸೋಲತೊಡಗಿದೆ. ಮೊದಲು ಸಂಜೆಯ ಹೊತ್ತಿಗೆ ಕಾಲೆಳೆಯುತ್ತಿದ್ದೆ, ಬರಬರುತ್ತ ಮಧ್ಯಾಹ್ನಕ್ಕೇ. ಇರುಳೆಲ್ಲ ಚಾರ್ಜಾದರೂ ನಾಲ್ಕು ಸಲ ಏರು ಹತ್ತಿದರೆ ಮುಗಿಯಿತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬದಲಿಸಿದ. ವಾರ ಬಿಟ್ಟು ವೈರುಗಳನ್ನು ಬಿಗಿ ಮಾಡಿದ. ಗಾಲಿ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದಿಲ್ಲ ಎಂದ. ಚಾರ್ಜರ್ ಸರಿಯಿದೆ ಎಂದ. ಯಾವುದೂ ಕೆಟ್ಟಿಲ್ಲವೆಂದ ಮೇಲೆ ಉಳಿದವಳು ಹಂಪಮ್ಮ ಒಬ್ಬಳೇ.

“ಸ್ವಿಚ್ ಹಾಕೋದು ಮರೀತಾಳ್ರೀ. ಇನ್ನೇನಿರತೈತಿ?” ಎಂದ ಯಮನೂರ.

ಹಂಪಮ್ಮ ಅಂದಿನಿಂದ ಚಾರ್ಜರಿನ ದೀಪ ಹತ್ತಿದ್ದನ್ನು ಮೂರು ಮೂರು ಸಲ ನೋಡಿ ಮನೆಗೆ ಹೋಗುತ್ತಿದ್ದಳು. ನೀರನ್ನು ವಾರಕ್ಕೆರಡು ಸಲ ತುಂಬತೊಡಗಿದಳು. ಅವಳಿಗೆ ಗೊತ್ತಿದ್ದ ಆರೈಕೆ ಅದೊಂದೇ.

ವೈಶಾಖದ ಒಂದು ಮಧ್ಯಾಹ್ನ ಏರಿನ ನಡುವೆ ನಾನು ನಿಂತುಬಿಟ್ಟೆ. ಹಿಂದಿನ ಸೀಟಿನಲ್ಲಿ ನೋವು ಶುರುವಾಗಿದ್ದ ಹೆಣ್ಣುಮಗಳು, ಪಕ್ಕದಲ್ಲಿ ಅವಳ ಅತ್ತೆ. ಹಂಪಮ್ಮ ಪೆಡಲ್ ಒತ್ತಿದಳು, ಕೀಲಿ ತಿರುಗಿಸಿದಳು, ಮತ್ತೆ ಒತ್ತಿದಳು. ಸುತ್ತ ಬಂಡೆಗಳಿಂದ ಬಿಸಿ ಏಳುತ್ತಿತ್ತು. ಕೊನೆಗೆ ಆ ಹೆಣ್ಣುಮಗಳು ತಾನಾಗಿಯೇ ಇಳಿದಳು. ಹಂಪಮ್ಮನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತ, “ಗಾಡಿ ಇಲ್ಲಂತ ಮೊದಲ ಹೇಳಿದ್ರ, ಸಾವಕಾಶ ನಡಕೊಂಡ ಬರ್ತಿದ್ನೆಕ್ಕ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಆದರೂ ಆ ಮಾತು ಹಂಪಮ್ಮನನ್ನು ಬಿಡಲಿಲ್ಲವೆಂದು ನನಗೆ ಗೊತ್ತು. ಸಂಜೆ ನನ್ನನ್ನು ಶೆಡ್ಡಿಗೆ ತಳ್ಳಿ ತಂದ ಮೇಲೆ ಅವಳು ಆ ಹೆಣ್ಣುಮಗಳು ಕೂತಿದ್ದ ಸೀಟನ್ನು ಮತ್ತೆ ಮತ್ತೆ ಒರೆಸಿದಳು.

ವೀರಭದ್ರಪ್ಪನವರು ಹೇಳಿದ್ದು ನೇರವಾಗಿತ್ತು. “ಹೊಸಪೇಟೆಯಿಂದ ಮೆಕ್ಯಾನಿಕ್ ಬರ್ತಾನ. ಗಾಡಿದ ತಪ್ಪಾದ್ರ ಬ್ಯಾರೆ ಗಾಡಿ ತರಸೋಣ, ನೀನಽ ಓಡಸು. ನಿಂದ ತಪ್ಪಾದ್ರ ಮತ್ತ ವಾರ್ಡಿಗೆ ಹೋಗಬೇಕಾಗ್ತದ ನೋಡವ್ವ.”

ಬಂದವನು ಮೌಲಾಸಾಬ, ನರೆತ ಗಡ್ಡದ ನಿಧಾನದ ಮನುಷ್ಯ. ಚಾರ್ಜರ್, ಬ್ರೇಕ್, ಗಾಲಿ ಯಾವುದನ್ನೂ ಮುಟ್ಟಲಿಲ್ಲ. ಸೀಟೆತ್ತಿ, ಬ್ಯಾಟರಿ ಕೂತಿದ್ದ ಕಬ್ಬಿಣದ ತಟ್ಟೆಯನ್ನು ಬೆರಳಿಂದ ಕೆರೆದ. ತುಕ್ಕು ಹಪ್ಪಳದಂತೆ ಎದ್ದು ಬಂತು. ಒಂದು ಗಾಜಿನ ನಳಿಗೆಯಲ್ಲಿ ನನ್ನೊಳಗಿನ ದ್ರವವನ್ನು ಹೀರಿ ಬೆಳಕಿಗೆ ಹಿಡಿದ. ಆಸಿಡ್ ಇದ್ದರೆ ಅದರೊಳಗೆ ತೇಲಬೇಕಾದ ಕಡ್ಡಿ ತಳ ಮುಟ್ಟಿತು.

“ಇದರಾಗ ಆಸಿಡ್ಡಽ ಇಲ್ಲವ್ವ. ನೀರು ಯಾವಾಗ ಹಾಕ್ತೀ?”

“ಚಾರ್ಜಿಗೆ ಇಡೂಕಿಂತ ಮೊದಲ.”

“ಎಷ್ಟು?”

“ತುಂಬ.”

ಮೌಲಾಸಾಬ ನಳಿಗೆಯನ್ನು ಕೆಳಗಿಟ್ಟ. “ಚಾರ್ಜ್ ಆಗೋವಾಗ ಒಳಗ ಉಬ್ಬತೈತಿ, ಹಾಲು ಉಕ್ಕಿದಂಗ. ಜಾಗ ಇಲ್ಲಂದ್ರ ಆಸಿಡ್ ಹೊರಗ ಚೆಲ್ಲತೈತಿ. ನೀ ಮತ್ತ ನೀರು ತುಂಬ್ತಿ, ಅದು ಮತ್ತ ಚೆಲ್ಲತೈತಿ. ಮ್ಯಾಲ ಒಂದು ಬೆರಳು ಖಾಲಿ ಬಿಡಬೇಕಿತ್ತು.”

ಹಂಪಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ತುಂಬಿದ್ದೇ ನನ್ನನ್ನು ಬರಿದು ಮಾಡಿತ್ತು. ಅದು ಅವಳಿಗೆ ಅರ್ಥವಾಗುವುದನ್ನು ನಾನು ಕೆಳಗಿನಿಂದ ನೋಡಿದೆ.

“ನಿನಗ್ಯಾರೂ ಹೇಳಿಲ್ಲ, ನಿನ್ನ ತಪ್ಪೇನೈತಿ?” ಎಂದ ಮೌಲಾಸಾಬ. “ಬ್ಯಾಟರಿಗೆ ವಯಸ್ಸಾಗಿತ್ತಂತ ಬರದು ಕೊಡ್ತೀನಿ. ಯಾರೂ ಕೇಳಂಗಿಲ್ಲ. ತಳದ ಕಬ್ಬಿಣನೂ ತಿಂದು ಹೋಗೇತಿ, ಹೆಂಗೂ ಈ ಗಾಡಿ ನಡ್ಯಂಗಿಲ್ಲ.”

ಅವಳು ಕೂಡಲೇ ಬೇಡವೆನ್ನಲಿಲ್ಲ. ನನ್ನ ಸೀಟಿನ ಮೇಲೆ ಕೈಯಿಟ್ಟು ನಿಂತಳು. ಡ್ರೈವರಮ್ಮ ಎಂಬ ಹೆಸರು, ನೆಟ್ಟಗಿನ ಬೆನ್ನು, ಏರಿನ ಗಾಳಿ ಎಲ್ಲವೂ ಆ ಒಂದು ಕಾಗದದಲ್ಲಿ ಉಳಿಯುತ್ತಿದ್ದವು. ಆಮೇಲೆ ಹೇಳಿದಳು, “ಹಂಗ ಬರದ್ರ, ನಾಳೆ ನಾ ರಜಾ ಹಾಕಿದ ದಿನ ಹೊಸ ಗಾಡಿಗೆ ಇನ್ನೊಬ್ಬಾಕಿ ನನ್ನಂಗಽ ತುಂಬ್ತಾಳ. ಮತ್ತೊಬ್ಬಾಕಿ ನಡು ಏರಿನಾಗ ಇಳೀತಾಳ. ಇದ್ದದ್ದು ಬರೀರಿ.”

ಅವನು ಇದ್ದದ್ದನ್ನೇ ಬರೆದ. ವೀರಭದ್ರಪ್ಪನವರು ಕೊಟ್ಟ ಮಾತಿನಂತೆಯೇ ನಡೆದುಕೊಂಡರು. ಹೊಸ ಗಾಡಿಯನ್ನು ಯಮನೂರನ ಕೈಗೆ ಕೊಟ್ಟರು. ಹಂಪಮ್ಮ ಮತ್ತೆ ವಾರ್ಡಿಗೆ ಹೋದಳು.

ಈಗ ನಾನು ಬಟ್ಟೆ ಒಗೆಯುವ ಕಟ್ಟೆಯ ಹಿಂದೆ, ಹುಣಸೆ ಮರದ ಕೆಳಗಿದ್ದೇನೆ. ಬ್ಯಾಟರಿಗಳನ್ನು ತೆಗೆದುಕೊಂಡು ಹೋಗಿದ್ದಾರೆ. ನನ್ನನ್ನು ಬರಿದು ಮಾಡಿದ ಕೈಗಳ ಮೇಲೆ ನನಗೆ ಮುನಿಸಿಲ್ಲ. ತನಗೆಂದು ಎಂದೂ ಏನನ್ನೂ ತುಂಬಿಕೊಳ್ಳದವಳು ನನ್ನನ್ನು ತುಂಬಿಟ್ಟಳು. ಸಾಕು ಎಂಬ ಅಳತೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮೊನ್ನೆ ಶುಕ್ರವಾರ ಹಂಪಮ್ಮ ಇಲ್ಲಿ ವಾರ್ಡಿನ ಬೆಡ್‌ಶೀಟು ಒಣಹಾಕುತ್ತಿದ್ದಳು. ಯಮನೂರ ನೀರಿನ ಕ್ಯಾನು ಹಿಡಿದು ಬಂದು ದೂರದಲ್ಲೇ ನಿಂತ. ಒಂದೆರಡು ಸಲ ಕೆಮ್ಮಿದ.

“ಎಕ್ಕಾ, ಚಾರ್ಜ್ ಆಗೇತಿ. ನೀರು ಎಷ್ಟಕ್ಕ ನಿಲ್ಲಸ್ಲಿ?”

ಹಂಪಮ್ಮ ಒದ್ದೆ ಶೀಟನ್ನು ಹಗ್ಗಕ್ಕೆ ಹಾಕಿ, ಕೈ ಒರೆಸಿಕೊಂಡಳು.

“ನಡಿ, ತೋರಸ್ತೀನಿ” ಎಂದು ಅವನ ಮುಂದೆ ಮುಂದೆ ನಡೆದಳು.