ಅಪ್ಪನ ಗುಂಡಿ

ನಿವೃತ್ತಿಯಾದ ಮೇಲೆ ನಮ್ಮ ಯಜಮಾನರಿಗೆ ಹಿಡಿದದ್ದು ಹಳೆಯ ಗುಂಡಿಗಳ ಹುಚ್ಚು. ಲೋಹ ಹುಡುಕುವ ಯಂತ್ರ ಹಿಡಿದು ಖಾಲಿ ಸೈಟುಗಳಲ್ಲಿ ಅಲೆಯುತ್ತಾರೆ. ಸಿಕ್ಕ ಅಂಗಿ, ಕೋಟಿನ ಗುಂಡಿಗಳನ್ನು ನನ್ನ ಹಲ್ಲುಜ್ಜುವ ಬ್ರಷ್ಷಿನಿಂದಲೇ ತಿಕ್ಕಿ, ಯಾವ ಕಾಲದ್ದೆಂದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಬಸವೇಶ್ವರನಗರದಲ್ಲಿ ವಿಶ್ವಾರಾಧ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಗುಂಡಿ ವಿಶ್ವಣ್ಣ ಎಂದರೆ ಆಟೋದವರೂ ಮನೆ ತೋರಿಸುತ್ತಾರೆ.

ಹಾಗಾಗಿ ಕೆಂಗೇರಿಯಿಂದ ಚಿಕ್ಕಲಕ್ಷ್ಮಮ್ಮ ಎಂಬ ಅಜ್ಜಿ ಫೋನ್ ಮಾಡಿ, "ನಮ್ಮಪ್ಪನ ಗುಂಡಿ ಎಲ್ಲದೆ ಅಂತ ಗೊತ್ತಾಯ್ತಿಲ್ಲ, ಹುಡುಕ್ಕೊಡ್ತೀರಾ ಸ್ವಾಮಿ?" ಎಂದಾಗ ಇವರು ಕುಣಿದಾಡಿಬಿಟ್ಟರು. ನನ್ನನ್ನೂ ಎಳೆದುಕೊಂಡು ಹೊರಟರು.

ಹೋಗಿ ನೋಡಿದರೆ ಅಜ್ಜಿ ಕೇಳಿದ್ದು ಅಪ್ಪನನ್ನು ಹೂತ ಗುಂಡಿ! ಸೈಟು ಮಟ್ಟ ಮಾಡುವಾಗ ನಾಲ್ಕಡಿ ಮೇಲ್ಮಣ್ಣಿನ ಜೊತೆ ಗುರುತಿನ ಕಲ್ಲೂ ಹೋಗಿತ್ತಂತೆ. ಮಗ ಮಧುಕುಮಾರ್ ಮನೆ ಕಟ್ಟಲು ಸುಣ್ಣದ ಗೆರೆ ಹಾಕಿಸಿದ್ದ. ಬೆಳಗಾದರೆ ಜೆಸಿಬಿ ಬರುವುದಿತ್ತು.

"ಅಪ್ಪನ ಮೇಲೆ ಪಾಯ ಹಾಕುದ್ರೆ ನಾನು ಆ ಮನೇಲಿ ಹೆಂಗವ್ವ ಮಲಗ್ಲಿ?" ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡರು. ಬರುತ್ತಿದ್ದ ನಗು ಅಲ್ಲೇ ಇಂಗಿಹೋಯಿತು.

"ಈ ಮಷೀನು ಮೂಳೆ ಹುಡುಕಲ್ಲಮ್ಮ" ಎಂದು ಇವರು ಪೆಚ್ಚಾದರು.

ನಾನೇ ಕೇಳಿದೆ. "ಮಣ್ಣು ಮಾಡುವಾಗ ಮೈಮೇಲೆ ಏನಾದ್ರೂ ಇತ್ತಾ?"

"ಕೋಟಿತ್ತಂತೆ. ಮಾರಾಜರ ಪಡೇಲಿದ್ರು. ನಾನಾಗ ಕೈಗೂಸು, ಅಪ್ಪನ ಮುಖಾನೂ ಕಾಣೆ."

ಇವರು ಆಗಲೇ ಯಂತ್ರ ಎತ್ತಿಕೊಂಡಿದ್ದರು. ಮೊದಲು ಸೋಡಾ ಮುಚ್ಚಳ, ಮೊಳೆ, ಯಾರದೋ ಜೀನ್ಸಿನ ಗುಂಡಿ. ಆಮೇಲೆ ಕಾರು ನಿಲ್ಲಿಸಲೆಂದು ಗೆರೆ ಎಳೆದಿದ್ದ ಜಾಗದಲ್ಲಿ ಹಿತ್ತಾಳೆಯದೊಂದು ಸಿಕ್ಕಿತು. ಮೇಲೆ ಗಂಡಭೇರುಂಡ.

"ಈಗಿನ ಸರ್ಕಾರದ್ದೂ ಅದೇ ಪಕ್ಷಿ ಅಲ್ವಾ ಸಾರ್? ಯಾವನೋ ಪೀವನ್‌ದಿರ್ಬೇಕು" ಎಂದ ಮಧುಕುಮಾರ್.

"ಈಗಿನದಾದ್ರೆ ಮೇಲೆ ಅಶೋಕನ ಸಿಂಹ, ಕೆಳಗೆ ಸತ್ಯಮೇವ ಜಯತೇ ಇರ್ಬೇಕಪ್ಪ. ಎರಡೂ ಇಲ್ಲ. ಹಿಂದೆ ನೋಡು, ಬರ್ಮಿಂಗ್‌ಹ್ಯಾಮ್ ಅಂತಿದೆ. ಮಹಾರಾಜರ ಕಾಲದ್ದೇ."

"ಒಂದು ಗುಂಡಿ ಎಲ್ಲಿ ಬೇಕಾದ್ರೂ ಉದುರಿರುತ್ತೆ, ಸಾರ್."

ಮಾತೇನೋ ಸರಿಯೇ. ಇವರು ಮಂಡಿಯೂರಿ ಕೈಯಿಂದಲೇ ಮಣ್ಣು ಸರಿಸಿದರು. ಗೇಣಿನೊಳಗೆ ಇನ್ನೊಂದು. ಅದರ ನೇರಕ್ಕೆ ಮತ್ತೊಂದು. ಇವರು ಯಂತ್ರ ಆರಿಸಿ, ಚಪ್ಪಲಿ ಬಿಟ್ಟು ಆಚೆ ನಿಂತರು.

"ಉದುರಿದ್ದು ಹೀಗೆ ಸಾಲಾಗಿ ಬೀಳಲ್ಲ" ಎಂದರು. ನನ್ನ ಕಣ್ಣು ತುಂಬಿ ಬಂತು, ಈ ಮನುಷ್ಯನ ಹುಚ್ಚಿನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.

ಮಧುಕುಮಾರ್ ಕಾಲಿನಿಂದ ಸುಣ್ಣದ ಗೆರೆ ಒರೆಸತೊಡಗಿದ. "ಮನೆ ಆ ಕಡೆ ಜರುಗ್ಲಿ ಬಿಡವ್ವ. ಕಾರು ರೋಡಲ್ಲೇ ನಿಲ್ಲುತ್ತೆ."

ಮೊದಲು ಸಿಕ್ಕಿದ ಹಿತ್ತಾಳೆ ಗುಂಡಿಯನ್ನು ಇವರು ನೆನಪಿಗಿರಲೆಂದು ಅಜ್ಜಿಯ ಅಂಗೈಗಿಟ್ಟರು. ಅಜ್ಜಿ ಅದನ್ನು ಸೆರಗಿನಿಂದ ಒರೆಸಿ, ಬಗ್ಗಿ, ಇದ್ದ ಜಾಗದಲ್ಲೇ ಇಟ್ಟು ಮಣ್ಣು ಮುಚ್ಚಿದರು.

"ಇರ್ಲಿ ಸ್ವಾಮಿ. ಕೋಟು ಬಿಚ್ಕೊಂಡ್ರೆ ಅಪ್ಪಂಗೆ ಚಳಿಯಾಯ್ತದೆ."