ಮುಚ್ಚಳ ಬದಲಾದ ನಾಲ್ಕು ಬಾಟಲಿ

ಇದು ನಿಜವಾಗಿ ನಡೆದದ್ದು. ಹೀಗೆಂದ ಕೂಡಲೇ ನನ್ನನ್ನು ಬಲ್ಲವರು "ಹೂಂ, ಬಿಡಪ್ಪಾ" ಅನ್ನುತ್ತಾರೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಮೈಕಿನಲ್ಲಿ ರಜೆ ಘೋಷಿಸಿದವನನ್ನು ಯಾರು ತಾನೇ ನಂಬುತ್ತಾರೆ? ಇದೊಂದು ಸಲ ನಂಬಿ. ಇದರಲ್ಲಿ ಮರ್ಯಾದೆ ಹೋಗಿರುವುದು ನನ್ನದೇ.

ಅಪ್ಪನ ಕಸುಬು ದೋಣಿ ತೊಳೆಯುವುದು. ಉಳ್ಳವರು ಭಾನುವಾರ ಮಾತ್ರ ನೀರಿಗಿಳಿಸುವ ಬಿಳಿ ಫೈಬರ್ ದೋಣಿಗಳು. ಹೊರಗೆ ಗಾಜಿನಂಥ ಮೈ, ಒಳಗೆ ಕೆನೆಬಣ್ಣದ ರೆಕ್ಸಿನ್ ಸೀಟು. ಕಲೆ ತೆಗೆಯುವುದು ಅವರ ಕಲೆ, ಕಲೆ ಮಾಡುವುದು ನನ್ನ ಕಲೆ. ದೋಣಿಕಟ್ಟೆಯ ಮೂಲೆಯಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಅಂಗಡಿಯ ದ್ರಾವಣಗಳನ್ನು ತಮ್ಮದೇ ಅಳತೆಯಲ್ಲಿ ನೀರಿಗೆ ಬೆರೆಸಿ ಒಂದೇ ಥರದ ನಾಲ್ಕು ಬಿಳಿ ಬಾಟಲಿಗಳಲ್ಲಿ ತುಂಬಿಡುತ್ತಿದ್ದರು. ಚೀಟಿ ಅಂಟಿಸಿದವರಲ್ಲ. ಮುಚ್ಚಳದ ಬಣ್ಣವೇ ಗುರುತು: ಕೆಂಪು ಮುಚ್ಚಳದ್ದು ಹೊರಮೈಗೆ ಹತ್ತುವ ಹಳದಿ ಗೆರೆಗೆ, ನೀಲಿಯದು ಸೀಟಿಗೆ, ಹಸಿರಿನದು ಬೂಷ್ಟಿಗೆ, ಹಳದಿಯದು ಕೊನೆಯ ಹೊಳಪಿಗೆ.

ಒಂದು ಮಂಗಳವಾರ ನಾನು ಆ ನಾಲ್ಕೂ ಮುಚ್ಚಳಗಳನ್ನು ಅದಲುಬದಲು ಮಾಡಿಟ್ಟೆ. ಯಾವುದನ್ನು ಎಲ್ಲಿಗೆ ಹಾಕಿದೆನೆಂದು ನೆನಪಿಟ್ಟುಕೊಳ್ಳಲಿಲ್ಲ. ಬೈಗುಳ ಬಿದ್ದಾಗ ನಕ್ಕು ತಿರುಗಿ ಹಾಕಿದರಾಯಿತು ಅಂದುಕೊಂಡಿದ್ದೆ. ಅಪ್ಪ ಆ ವಾರ ಕೆಮ್ಮಿನಿಂದ ಮಲಗಿದ್ದರು. ಗುರುವಾರ ಒಂದು ಗಳಿಗೆ ಶೆಡ್ಡಿಗೆ ಹೋಗಿ ಬಂದರು, ಏನೂ ಅನ್ನಲಿಲ್ಲ. ಶನಿವಾರ ಬೆಳಿಗ್ಗೆ ಏಳಲಿಲ್ಲ.

ಮನೆಯಲ್ಲಿ ಸದಾ ತೆಗೆಯುತ್ತಿದ್ದ ಅವರ ದನಿಯನ್ನು ಆಮೇಲೆ ನಾನು ತೆಗೆಯಲಿಲ್ಲ. ಸೋದರತ್ತೆ ಬಂದು, "ಒಂದೇ ಒಂದ್ಸಲ ಅಣ್ಣನ ಥರ ಮಾತಾಡೋ" ಎಂದು ಗೋಗರೆದಾಗ ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಶೆಡ್ಡಿನ ಕಡೆಗೂ ತಲೆ ಹಾಕಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ಹೇಳಿದಳು, "ನಾಳೆ ಡಾಕ್ಟರಮ್ಮನ ದೋಣಿ. ನೀನೂ ಬಾ, ನೀರು ಹೊರೋಕೆ."

ಅಪ್ಪನ ಜಾಗದಲ್ಲಿ ಅವಳು ಮಾಡಲಿದ್ದ ಮೊದಲ ಕೆಲಸ. ಕಟ್ಟೆಯ ಮೇಲ್ವಿಚಾರಕ, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವುದರಿಂದ ನಮ್ಮಿಬ್ಬರ ಬಾಯಲ್ಲಿ 'ಗಂಟಲು', ಮರುದಿನ ಬೆಳಿಗ್ಗೆಯೇ ಬಂದು ನಿಂತಿದ್ದ.

"ಹ್ರೂಂ... ನೋಡಮ್ಮ, ಇದೊಂದು ಸರಿಯಾಗಿ ಮಾಡು, ಶೆಡ್ಡು ನಿನ್ನದೇ. ಹ್ರೂಂ... ಸೀಟೇನಾದ್ರೂ ಕೆಟ್ರೆ ನನ್ನ ಕೈಲಿ ಏನೂ ಇಲ್ಲ. ಬೇರೆಯವರು ಕೇಳ್ತಾ ಇದಾರೆ."

ಅವನು ಅತ್ತ ಹೋದ ಮೇಲೆ ನಾನು ಹ್ರೂಂ ಅಂದೆ, ಅವನಿಗಿಂತ ಚೆನ್ನಾಗಿ. ಅಕ್ಕ ನಗಲಿಲ್ಲ. ಎರಡು ತಿಂಗಳಿಂದ ಅವಳ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಮಂಡಿಯೂರಿ ನೀಲಿ ಮುಚ್ಚಳದ ಬಾಟಲಿ ತೆಗೆದಳು.

ನನ್ನ ಕೈಯ ಬಕೆಟ್ಟು ತಾನಾಗಿ ಕೆಳಗಿಳಿಯಿತು. "ಅಕ್ಕಾ, ತಡಿ. ಮೊದಲು ಸೀಟಿನ ಅಡಿಗೆ ಒಂಚೂರು ಹಚ್ಚಿ ನೋಡು. ಅಪ್ಪ ಹಾಗೇ ಮಾಡ್ತಿದ್ರು."

"ಹೊಸ ಮಾಲಿಗೆ ಹಾಗೆ ಮಾಡ್ತಿದ್ರು. ಇದು ಅವರೇ ಬೆರೆಸಿಟ್ಟಿದ್ದು. ಅಪ್ಪನ ಕೈ ಮೇಲೆ ಅನುಮಾನವೇನೋ ನಿಂಗೆ?"

"ಅಪ್ಪನ ಕೈ ಮೇಲಲ್ಲ." ಬಾಟಲಿಗೆ ಕೈ ಅಡ್ಡ ಹಿಡಿದೆ. "ನನ್ನ ಕೈ ಮೇಲೆ."

ಹೇಳಿದೆ. ಅವಳು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೊರಮೈದು ಸೀಟಿಗೆ ಬಿದ್ರೆ ಏನಾಗತ್ತೆ ಗೊತ್ತಾ? ಇವತ್ತು ಥಳಥಳ ಅನ್ನತ್ತೆ. ವಾರ ಕಳೆದ ಮೇಲೆ ಹೊಲಿಗೆಯ ದಾರ ಕೊಳೆತು ಬಾಯಿ ಬಿಡತ್ತೆ. ಅಡಿಗೆ ಹಚ್ಚಿ ನೋಡಿದ್ರೂ ಇವತ್ತು ತಿಳಿಯಲ್ಲ."

"ವಾಸನೆ ನೋಡಿದ್ರೆ?"

"ಎಲ್ಲಕ್ಕೂ ಅದೇ ನಿಂಬೆ ವಾಸನೆ. ಅಪ್ಪನ ಮೂಗಿಗೆ ಮಾತ್ರ ಬೇರೆ ಬೇರೆ." ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. "ಅವರು ಕೊನೇ ಸಲ ಬೆರೆಸಿದ್ದು ಕಣೋ. ಅಳತೆ ನಂಗೆ ಹೇಳಿಕೊಟ್ಟಿರಲಿಲ್ಲ. ಸರಿ, ಚೆಲ್ಲೋಣ. ಸಾದಾ ಸೋಪುನೀರಲ್ಲೇ ಒರೆಸ್ತೀನಿ. ಆದಷ್ಟು ಆಗಲಿ."

ಸೀಟಿನ ತೋಳಿನ ಮೇಲೆ ಬೆವರಿನ ಕಪ್ಪು ಪಟ್ಟೆ ಕೂತಿತ್ತು. ಸೋಪುನೀರಿಗೆ ಅದು ಜಗ್ಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಾಲ್ಕೂ ಬಾಟಲಿಗಳನ್ನು ಕಟ್ಟೆಯ ಮೋರಿಗೆ ಒಯ್ದೆವು. ಅಕ್ಕ ಮೊದಲನೆಯದರ ಮುಚ್ಚಳ ತೆಗೆದು ಬಗ್ಗಿಸಿದಳು. ತಳ ಮೇಲೆ ಬಂತು. ತಳದಲ್ಲಿ, ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ಒಂದು ತುಂಡು. ಅದರ ಮೇಲೆ ಪೆನ್ನಿನಲ್ಲಿ ಅಪ್ಪನ ಕಾಗೆಕಾಲು ಅಕ್ಷರ: ಬೂಷ್ಟು.

"ನಿಲ್ಸು, ನಿಲ್ಸು!" ಅಂದೆ. ಒಂದು ಲೋಟದಷ್ಟು ಅಷ್ಟರಲ್ಲಿ ಹೋಗಿತ್ತು.

ಎರಡನೆಯದರ ತಳದಲ್ಲಿ: ಮೈ. ಮೂರನೆಯದು: ಹೊಳಪು. ನಾಲ್ಕನೆಯದು, ಕೆಂಪು ಮುಚ್ಚಳದ್ದು: ಸೀಟು. ಅದರ ಕೆಳಗೆ ಇರುಕಿಸಿ ಬರೆದ ಇನ್ನೊಂದು ಸಾಲು:

"ಕೋತಿ, ಎಷ್ಟು ದಿನಕ್ಕೆ ಸಿಕ್ಕಿತು?"

ಗುರುವಾರ ಒಂದು ಗಳಿಗೆ ಶೆಡ್ಡಿಗೆ ಹೋಗಿ ಬಂದದ್ದು ಇದಕ್ಕೆ. ಮೂಸಿ ನೋಡಿ, ನನ್ನ ಆಟ ಹಿಡಿದು, ಮುಚ್ಚಳಗಳನ್ನು ಹಾಗೇ ಬಿಟ್ಟು, ತಳಕ್ಕೆ ಮಾತ್ರ ಗುರುತು ಹಾಕಿ, ಮನೆಗೆ ಬಂದು ಕೆಮ್ಮುತ್ತ ಕಾಯುತ್ತಿದ್ದರು. ನಾನು ಹುಡುಕಲೇ ಇಲ್ಲ.

ಅಕ್ಕ ಸೀಟಿನ ಬಾಟಲಿ ಹಿಡಿದು ದೋಣಿಗೆ ಮರಳಿದಳು. ಬಟ್ಟೆ ಒದ್ದೆ ಮಾಡಿ ಆ ಕಪ್ಪು ಪಟ್ಟೆಯ ಮೇಲೆ ಮೂರು ಸಲ ಎಳೆದಳು. ಕೆನೆಬಣ್ಣ ಮೇಲೆದ್ದಿತು. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದ. "ಹ್ರೂಂ... ನಿಮ್ಮಪ್ಪನ ಕೈಯೇ ಇದು," ಎಂದು ಶೆಡ್ಡಿನ ಬೀಗದ ಕೈಯನ್ನು ಅವಳ ಬಕೆಟ್ಟಿನ ಪಕ್ಕದಲ್ಲಿಟ್ಟ.

ಅಕ್ಕ ಅದನ್ನು ಮುಟ್ಟಲಿಲ್ಲ. ಕೆಂಪು ಮುಚ್ಚಳದ ಬಾಟಲಿಯನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು ಕೂತಿದ್ದಳು.

"ಇದನ್ನ ಬರೀತಾ ಅಪ್ಪ ಹೇಗೆ ನಕ್ಕಿರ್ತಾರೋ? ಮಾಡು."

"ಆಗಲ್ಲಕ್ಕಾ."

"ಮಾಡೋ, ಕೋತಿ."

ಮೊದಲು ಕೆಮ್ಮು ಬಂತು. ಮೂಗಿನಲ್ಲೇ ಮೂರು ಸಲ ಹುಂ ಹುಂ ಹುಂ. ಅಪ್ಪ ಯಾವಾಗಲೂ ನಗು ತಡೆದುಕೊಳ್ಳಲು ನೋಡುತ್ತಿದ್ದ ಜಾಗ ಅದು. ಆಮೇಲೆ ತಡೆ ಒಡೆಯಿತು. ಅಕ್ಕ ಅಳುತ್ತಲೇ ನಕ್ಕಳು. ಗಂಟಲು ಕಕ್ಕಾಬಿಕ್ಕಿಯಾಗಿ ಸುಮ್ಮನೆ ನಕ್ಕ. ಆದರೆ ಆ ದೋಣಿಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಪ್ಪ. ನಿಲ್ಲಿಸುವುದು ನನ್ನ ಕೈಲಾಗಲಿಲ್ಲ.