ಹದಿನಾರು ಕಂಪ್ಯೂಟರುಗಳ ನೆರೆಹೊರೆ

ಕಂದಿಕೆರೆಯ ತೋಟಗಳಲ್ಲಿ ಕಪ್ಪು ತಲೆ ಹುಳು ತೆಂಗಿನ ಗರಿಗಳನ್ನು ಒಣಗಿಸುತ್ತಿತ್ತು. ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಸಿಂಧು, ಅದು ಮುಂದೆ ಯಾವ ಕಡೆ ಹೋದೀತೆಂದು ಲೆಕ್ಕ ಹಾಕಲು ಹೊರಟಳು. ಡ್ರೋನ್ ತೆಗೆದ ಚಿತ್ರವನ್ನು ಹದಿನಾರು ತುಂಡು ಮಾಡಿ, ಲ್ಯಾಬಿನ ಹದಿನಾರು ಹಳೆಯ ಕಂಪ್ಯೂಟರುಗಳಿಗೆ ಹಂಚಿದಳು. ಹುಳು ಬೇಲಿ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಕಂಪ್ಯೂಟರೂ ತನ್ನ ಅಂಚಿನ ಸುದ್ದಿಯನ್ನು ಪಕ್ಕದ್ದಕ್ಕೆ ಆಗಾಗ ತಿಳಿಸಬೇಕಿತ್ತು.

ತೊಡಕಾದದ್ದು ಅಲ್ಲೇ. ಎಲ್ಲ ತಂತಿಗಳೂ ನಡುವಿನ ಒಂದೇ ಪೆಟ್ಟಿಗೆಗೆ, ಅಂದರೆ ಹಬ್‌ಗೆ ಬಂದು ಸೇರುತ್ತಿದ್ದವು. ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿಕೊಂಡು ಕಾಯಬೇಕು. ಲೆಕ್ಕ ಹಾಕುವುದಕ್ಕಿಂತ ಕಾಯುವುದೇ ಹೆಚ್ಚಾಯಿತು. ಕಂದಿಕೆರೆಯಿಂದ ಚಿಕ್ಕಮ್ಮ ವಿಮಲಮ್ಮ ಫೋನ್ ಮಾಡಿ, “ಆ ಹುಳ ಕೊಲ್ಲೋ ಪರೋಪಜೀವಿ ಕೊಡ್ತಾರಂತೆ ಕಣೇ. ಮೊದ್ಲು ಯಾವ ತೋಟಕ್ಕೆ ಬುಡಾನ?” ಎಂದು ಕೇಳಿದಾಗ ಹುಳು ಹರಡುವ ನಕ್ಷೆ ಇನ್ನೂ ಅರ್ಧವೂ ಆಗಿರಲಿಲ್ಲ.

ಆ ಜಾಲ ಕಟ್ಟಿದವರು ವಿಭಾಗದ ಮುಖ್ಯಸ್ಥ ಬಸವಕುಮಾರ್, ಸಿಂಧುವಿಗೆ ಇದೇ ಲ್ಯಾಬಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಹಿಂಜರಿದು ಹಿಂಜರಿದು ಕೊನೆಗೆ ಅವಳು ಬಾಯಿಬಿಟ್ಟಳು.

“ಸರ್, ಹಬ್ ತೆಗೆದು ಪಕ್ಕಪಕ್ಕದವನ್ನ ನೇರವಾಗಿ ಜೋಡಿಸಿದ್ರೆ? ನಾಲ್ಕು ಸಾಲು, ಬಲೆ ಹೆಣೆದಂಗೆ. ಒಂದೊಂದಕ್ಕೂ ಹೆಚ್ಚಂದ್ರೆ ನಾಲ್ಕೇ ನೆಂಟ್ರು.”

ಅವರು ಕನ್ನಡಕ ಒರೆಸಿಕೊಂಡರು. “ಇಷ್ಟು ವರ್ಷ ನಡ್ದಿದೆ ಕಣಮ್ಮ. ಈಗ ಬೇಡ್ವಾಯ್ತಾ?”

ಹೇಳಬಾರದಿತ್ತೇನೋ ಎಂದು ಸಿಂಧುವಿಗೆ ಎನ್ನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಪಾಠಕ್ಕೆ ಸರಿಯಾಗೇ ಇತ್ತು ಸರ್. ಈ ಕೆಲ್ಸಕ್ಕೆ ಹೊಂದ್ತಿಲ್ಲ, ಅಷ್ಟೇ.”

ಅವರು ಕನ್ನಡಕ ಹಾಕಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಬಸವಕುಮಾರ್ ಲ್ಯಾಬಿನ ನೆಲದ ಮೇಲೆ ಕೂತು, ಗುಜರಿಗೆ ಹಾಕಲಿಟ್ಟಿದ್ದ ಕಂಪ್ಯೂಟರುಗಳಿಂದ ತಂತಿ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡುಗಳನ್ನು ಬಿಚ್ಚುತ್ತಿದ್ದರು.

“ಒಂದೊಂದು ತಂತಿಗೂ ಒಂದೊಂದು ಕಾರ್ಡು ಬೇಕು. ಕಾರ್ಡಿಲ್ದೆ ನಿನ್ನ ನೆಂಟ್ರನ್ನ ಎಲ್ಲಿ ಕೂರಿಸ್ತೀಯಾ?” ಎಂದರು, ತಲೆ ಎತ್ತದೆ.

ಸಂಜೆಯ ಹೊತ್ತಿಗೆ ಬಲೆ ಸಿದ್ಧವಾಯಿತು. ಅಂಚಿನ ಸುದ್ದಿಗಳು ಸರಾಗವಾಗಿ ಓಡಾಡಿದವು. ಆದರೆ ಪ್ರತಿ ಸುತ್ತಿನ ಕೊನೆಗೆ ಎಲ್ಲ ತುಂಡುಗಳ ಹುಳುವಿನ ಲೆಕ್ಕವನ್ನು ಒಟ್ಟು ಮಾಡಬೇಕಿತ್ತು. ಈ ಮೂಲೆಯ ಸಂಖ್ಯೆ ಆ ಮೂಲೆ ಮುಟ್ಟಲು ಎಷ್ಟೋ ಕೈ ದಾಟಬೇಕು. ಕೆಲಸ ಮತ್ತೆ ಕುಂಟಿತು. ಸಿಂಧು ಪೆಚ್ಚಾಗಿ ಕೂತಳು.

“ಹಬ್ ಇನ್ನೂ ಎಸ್ದಿಲ್ಲ ಕಣಮ್ಮ,” ಎಂದರು ಬಸವಕುಮಾರ್. “ನೆರೆಹೊರೆ ಮಾತು ನಿನ್ನ ಬಲೇಲಿ ಆಗ್ಲಿ. ಒಟ್ಟು ಲೆಕ್ಕ ಇದ್ರಲ್ಲಿ ಹೋಗ್ಲಿ.”

ಹಬ್ ತೆಗೆದುಹಾಕುವುದರ ಬಗ್ಗೆಯಷ್ಟೇ ತಾನು ಯೋಚಿಸಿದ್ದೆನಲ್ಲ ಎಂದುಕೊಳ್ಳುತ್ತಾ ಸಿಂಧು ಎದ್ದು ತಂತಿ ಹಿಡಿದಳು.

ಮಾರನೆಯ ದಿನ ನಕ್ಷೆ ಬಂತು. ಅದು ತೋರಿಸಿದ ಪಡುವಣ ತೋಟಗಳಲ್ಲಿ ಪರೋಪಜೀವಿ ಬಿಟ್ಟರು. ಕೆಲವು ತಿಂಗಳಲ್ಲಿ ಬಹುತೇಕ ಕಡೆ ಹುಳು ಇಳಿಮುಖವಾಯಿತು. ಕೆರೆಯಂಚಿನ ತೋಟವೊಂದು ಮಾತ್ರ ಉಳಿಯಲಿಲ್ಲ. ಅಲ್ಲಿಗೆ ಹುಳು ಬರುವುದೆಂದು ನಕ್ಷೆ ಹೇಳಿರಲಿಲ್ಲ. ಇಬ್ಬರೂ ನೋಡಲು ಹೋದರು. ಸುಟ್ಟಂತಾದ ಗರಿಗಳ ಕೆಳಗೆ ನಿಂತು ಸಿಂಧು ನಕ್ಷೆಯನ್ನು ಮತ್ತೆ ಬಿಚ್ಚಿ ನೋಡಿದಳು.

ಬಸವಕುಮಾರ್ ಗಾಳಿಗೆ ತಡೆಯೇ ಇಲ್ಲದ ಕೆರೆಯ ಬಯಲಿನ ಕಡೆ ನೋಡಿದರು. “ಗಾಳೀನ ನಾವು ಲೆಕ್ಕಕ್ಕೇ ತಗೊಂಡಿರ್ಲಿಲ್ಲ,” ಎಂದರು.

‘ನೀನು’ ಎನ್ನದೆ ‘ನಾವು’ ಎಂದರಲ್ಲ ಎಂದು ಅವಳಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು.